ಪರಂಗಿಕಾಯಿ ಸಾರು ಮತ್ತು ಇಪ್ಪತ್ತು ನಿಮಿಷ

ಬಾಣಂತಿಯ ಮನೆಗೆ ಕೆಲಸದ ಮೇಲೆ ಹೋಗುವವರಿಗೆ ನಾನು ಮೊದಲು ಹೇಳುವ ಮಾತು ಇದು: ಮಗುವನ್ನು ತೂಗುವ ತಕ್ಕಡಿಯನ್ನು ಕಾರಿನಲ್ಲೇ ಬಿಡಿ. ಅಡುಗೆಮನೆಯಲ್ಲಿ ಯಾರು ನಿಂತಿದ್ದಾರೆ ನೋಡಿ, ಅವರನ್ನು ಮಾತಾಡಿಸಿ, ಆಮೇಲೆ ಹೊರಗೆ ಬಂದು ತಕ್ಕಡಿ ತೆಗೆದುಕೊಂಡು ಹೋಗಿ. ಎರಡು ಸಲ ಓಡಾಡಿದರೆ ಕಾಲೇನೂ ಸವೆಯುವುದಿಲ್ಲ. ಈ ಬುದ್ಧಿ ನನಗೆ ಯಾವ ತರಬೇತಿಯಲ್ಲೂ ಬರಲಿಲ್ಲ. ಪರ್ತ್‌ನ ಬಡಾವಣೆ ಸದರ್ನ್ ರಿವರ್‌ನಲ್ಲಿ ಒಂದು ಮನೆಯ ಬಾಗಿಲು ನನ್ನ ಮುಖದ ಮುಂದೆ ಮುಚ್ಚಿಕೊಂಡ ಮೇಲೆ ಬಂತು.

ಆಗ ನಾನು ಪಕ್ಕದ ಥಾರ್ನ್ಲಿಯ ಶಿಶು ಆರೋಗ್ಯ ಕೇಂದ್ರವೊಂದರಲ್ಲಿ ಎದೆಹಾಲಿನ ಸಲಹೆಗಾರ್ತಿ. ಹೊಸ ತಾಯಂದಿರ ಮನೆಗೆ ಹೋಗಿ ಮಗುವನ್ನು ತೂಗುವುದು, ಅದು ಹಾಲು ಕುಡಿಯುವುದನ್ನು ಕೂತು ನೋಡುವುದು, ತೊಡಕಿದ್ದರೆ ಬಿಡಿಸುವುದು ನನ್ನ ಕೆಲಸ. ತರಕಾರಿ ತೋಟಗಳಲ್ಲಿ, ಪ್ಯಾಕಿಂಗ್ ಶೆಡ್ಡುಗಳಲ್ಲಿ ದುಡಿಯುವ ವಿಯೆಟ್ನಾಮೀ ಮನೆಗಳೆಲ್ಲ ನನ್ನ ಪಾಲಿಗೆ ಬಂದಿದ್ದವು. ಬೇರೆಯವರು ಹೋದರೆ ಆ ಮನೆಗಳವರು ಬಾಗಿಲಲ್ಲೇ "ಎಲ್ಲಾ ಚೆನ್ನಾಗಿದೆ, ಥ್ಯಾಂಕ್ಯೂ" ಎಂದು ನಗುನಗುತ್ತಾ ವಾಪಸು ಕಳಿಸುತ್ತಿದ್ದರು. "ನೀನಾದರೆ ಹೇಗಾದರೂ ಒಳಗೆ ಹೋಗ್ತೀಯ" ಎಂದು ನಮ್ಮ ಹಿರಿಯ ನರ್ಸ್ ಫೈಲನ್ನು ನನ್ನ ಕಡೆ ತಳ್ಳುತ್ತಿದ್ದಳು. ಅವಳು ಹೇಳುವುದರಲ್ಲಿ ಸುಳ್ಳಿರಲಿಲ್ಲ. ಮೈಸೂರಿನ ಮಾರುಕಟ್ಟೆಯಲ್ಲಿ ನನ್ನಮ್ಮ ಸೊಪ್ಪು ಮಾರುತ್ತಿದ್ದಳು. ಕೊತ್ತಂಬರಿ ಗುಡ್ಡೆಯ ಹಿಂದೆ ಕೂತು ಚೌಕಾಸಿ ಕೇಳುತ್ತಲೇ ನಾನು ಮಾತು ಕಲಿತವಳು. ಗಿರಾಕಿ ಮುಖ ತಿರುಗಿಸಿ ಹೊರಟಾಗ ಅಮ್ಮ ಬೆಲೆ ಇಳಿಸುತ್ತಿರಲಿಲ್ಲ. ಒಂದು ಹಿಡಿ ಸೊಪ್ಪು ಕೊಸರು ಹಾಕುತ್ತಿದ್ದಳು. ಹೋಗುತ್ತಿದ್ದವರು ನಿಲ್ಲುತ್ತಿದ್ದರು.

ಆ ಮನೆಗೆ ಮೊದಲ ಸಲ ಹೋದದ್ದು ಜುಲೈನ ಚಳಿಯಲ್ಲಿ, ಈ ದೇಶದಲ್ಲಿ ಆಗಲೇ ಚಳಿಗಾಲ. ಮಗು ಹುಟ್ಟಿ ಹನ್ನೆರಡು ದಿನವಾಗಿತ್ತು, ಹೆಣ್ಣು. ಹುಟ್ಟಿದಾಗಿನ ತೂಕಕ್ಕೆ ಇನ್ನೂ ವಾಪಸು ಬಂದಿರಲಿಲ್ಲ. ದೊಡ್ಡ ಮನೆಯೊಂದರ ಹಿಂದೆ ಬಾಡಿಗೆಗೆ ಕೊಟ್ಟಿದ್ದ ಎರಡು ಕೋಣೆಗಳು. ಬಾಗಿಲು ತೆರೆದಾಗ ನಾನು ಒಂದು ಕ್ಷಣ ಹಾಗೇ ನಿಂತುಬಿಟ್ಟೆ. ಹೀಟರ್ ಉರಿಯುತ್ತಿತ್ತು. ತಾಯಿ ಉಣ್ಣೆಯ ಟೋಪಿ, ದಪ್ಪ ಕಾಲುಚೀಲ ಹಾಕಿಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು, ಹೊಟ್ಟೆಯ ಮೇಲೆ ಹುರಿದ ಉಪ್ಪಿನ ಬಿಸಿ ಗಂಟು ಇಟ್ಟುಕೊಂಡು ಮಲಗಿದ್ದಳು. ಅಡುಗೆಮನೆಯಿಂದ ಏನೋ ಕುದಿಯುವ ವಾಸನೆ. ಸಾಂಬ್ರಾಣಿ ಹೊಗೆಯೊಂದಿಲ್ಲ, ಮಿಕ್ಕಿದ್ದೆಲ್ಲ ನನ್ನ ಬಾಣಂತನವೇ. ಹಂಡೆಯ ನೀರು ಹುಯ್ಯುತ್ತಾ "ಬೆನ್ನು ಬಗ್ಗಿಸೇ" ಎಂದು ಗದರುತ್ತಿದ್ದ ಅಮ್ಮ ಇಲ್ಲೇ ಎಲ್ಲೋ ಪಕ್ಕದ ಕೋಣೆಯಲ್ಲಿದ್ದಾಳೆ ಅನ್ನಿಸಿತು. ಆ ಅನ್ನಿಸಿಕೆಯೇ ಮುಂದೆ ನನ್ನನ್ನು ಕೆಡಿಸಿತು.

ತಾಯಿಗೆ ಇಂಗ್ಲಿಷ್ ಸ್ವಲ್ಪ, ಜೊತೆಗಿದ್ದ ಅವಳ ಅತ್ತೆಗೆ ಇನ್ನೂ ಕಡಿಮೆ. ದುಭಾಷಿ ಒಬ್ಬ ಹೆಂಗಸು. ಫೋನಿನ ಸ್ಪೀಕರ್‌ನಲ್ಲಿ ಅವಳ ದನಿ ಮಾತ್ರ ಮಂಚದ ಮೇಲಿರುತ್ತಿತ್ತು.

"ಯಾಕೆ ಎದೆಹಾಲೇ ಕೊಡಬೇಕು ಅಂತ ಮಾಡಿದ್ದೀಯಮ್ಮ?" ಎಂದು ಕೇಳಿದೆ. ಎಲ್ಲರನ್ನೂ ಕೇಳುವ ಪ್ರಶ್ನೆಯೇ.

ತಾಯಿ ಛಾವಣಿ ನೋಡುತ್ತಾ ಮೆಲ್ಲಗೆ ಹೇಳಿದಳು. ದುಭಾಷಿ ಅಷ್ಟೇ ಮೆಲ್ಲಗೆ ತಿರುಗಿಸಿದಳು: "ಮೊದಲನೇ ಮಗಳನ್ನ ನಾಲ್ಕು ತಿಂಗಳಿಗೇ ಊರಲ್ಲಿ ನಮ್ಮಮ್ಮನ ಹತ್ರ ಬಿಟ್ಟು ಬಂದೆ. ಡಬ್ಬಿ ಹಾಲಲ್ಲಿ ಬೆಳೆದಳು. ಮೂರು ವರ್ಷಕ್ಕೆ ಇಲ್ಲಿಗೆ ಕರೆಸಿಕೊಂಡಾಗ ಏರ್‌ಪೋರ್ಟಲ್ಲಿ ನನ್ನನ್ನ ಆಂಟಿ ಅಂದಳು. ಇದಕ್ಕೆ ನನ್ನ ಹಾಲೇ ಕೊಡಬೇಕು. ಶೆಡ್ ಕೆಲಸಕ್ಕೆ ವಾಪಸು ಹೋದ ಮೇಲೂ ಕೊಡಬೇಕು."

ಶೆಡ್ಡಿನಲ್ಲಿ ಅವಳದು ದಿನಗೂಲಿಯ ಹಾಗಿನ ಕೆಲಸ. ರಜೆಗೆ ಸಂಬಳವಿಲ್ಲ. ಎಂಟನೆಯ ವಾರಕ್ಕೆ ಹೋಗದಿದ್ದರೆ ಆ ಜಾಗದಲ್ಲಿ ಇನ್ನೊಬ್ಬರು ಇರುತ್ತಾರೆ.

ಮಗುವನ್ನು ನೋಡಿದೆ. ಕೆನ್ನೆ ಒಳಗೆ ಗುಳಿ ಬೀಳುತ್ತಿತ್ತು, ನಾಲಿಗೆ ಟಿಕ್ ಟಿಕ್ ಅನ್ನುತ್ತಿತ್ತು. ಅಂದರೆ ಬಾಯಿಗೆ ತೊಟ್ಟಷ್ಟೇ ಸಿಕ್ಕಿದೆ. ಇದು ಸರಿಹೋಗುವಂಥದ್ದು. ಮಗುವನ್ನು ಪೂರ್ತಿ ಹೊರಳಿಸಿ ಅದರ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಿಸಿದೆ. ಮೂಗು ತೊಟ್ಟಿನ ನೇರಕ್ಕೆ ಬರಬೇಕು. ಬಾಯಿ ಆಕಳಿಕೆಯಷ್ಟು ದೊಡ್ಡದಾಗಿ ತೆರೆಯುವವರೆಗೆ ಕಾಯಬೇಕು. ಆಮೇಲೆ ಮೊದಲು ಗಲ್ಲ ತಾಗಬೇಕು, ಕೊನೆಗೆ ಮೇಲ್ತುಟಿ. ಮೂರನೆಯ ಪ್ರಯತ್ನಕ್ಕೆ ಟಿಕ್ ಟಿಕ್ ನಿಂತಿತು. ಎರಡು ಚೀಪು, ಒಂದು ಗುಟುಕು. ಎರಡು ಚೀಪು, ಒಂದು ಗುಟುಕು. ಗುಟುಕಿನ ಸದ್ದು ಕೇಳಿ ತಾಯಿ ನಕ್ಕಳು. ಬಾಗಿಲಲ್ಲಿ ನಿಂತಿದ್ದ ಅತ್ತೆಯೂ ನಕ್ಕಳು. ನಗುತ್ತಾ ಒಳಗೆ ಹೋಗಿ ಸೊಸೆಗೊಂದು ಬಟ್ಟಲು ಸಾರು ತಂದಳು. ಹಂದಿಯ ಕಾಲು, ಅದರ ಸುತ್ತ ಎಳೆ ಹಸಿರು ಹೋಳುಗಳು. ಸೋರೆಕಾಯಿ ಅಂದುಕೊಂಡೆ. ಬಗ್ಗಿ ನೋಡಿದರೆ ಪರಂಗಿಕಾಯಿ.

"ಅಯ್ಯೋ, ಪರಂಗಿ ಬೇಡ! ಬಾಣಂತಿಗೆ ತುಂಬಾ ಉಷ್ಣ ಅದು, ಕೊಡಬಾರದು ಅಂತ ಹೇಳಿ," ಎಂದುಬಿಟ್ಟೆ.

ದುಭಾಷಿ ಕೇಳಿದಳು: "ನಿಜವಾಗ್ಲೂ ಇದನ್ನ ಹೇಳ್ಲಾ?"

"ಹೇಳಿ."

ಹೇಳಿದಳು. ಅತ್ತೆ ನನ್ನ ಕೊರಳಿನ ಗುರುತಿನ ಚೀಟಿ ನೋಡಿದಳು, ಬಟ್ಟಲು ನೋಡಿದಳು. ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದಳು. ಪಾತ್ರೆಯ ಮೇಲೆ ಮುಚ್ಚಳ ಕೂತ ಸದ್ದು ಕೇಳಿಸಿತು. ಇವತ್ತಿಗೂ ಕೇಳಿಸುತ್ತದೆ.

ಮೂರು ದಿನ ಬಿಟ್ಟು ಹೋದೆ. ಬಾಗಿಲು ಒಂದು ಗೇಣು ತೆರೆಯಿತು. "ಸ್ಲೀಪ್," ಎಂದಳು ಅತ್ತೆ. ಮತ್ತೆರಡು ದಿನ ಬಿಟ್ಟು ಹೋದೆ. "ಸ್ಲೀಪ್." ಈ ಸಲ ಬಾಗಿಲು ಅರ್ಧ ಗೇಣು. ಕೊನೆಗೆ ದುಭಾಷಿಯನ್ನು ಸೇರಿಸಿಕೊಂಡು ತಾಯಿಗೆ ಫೋನ್ ಮಾಡಿದೆ.

"ಅತ್ತೆ ಸಾರು ಮಾಡೋದು ಬಿಟ್ಟಿದ್ದಾರೆ," ಎಂದಳು ತಾಯಿ. "ಸರ್ಕಾರದವರೇ ಬೇಡ ಅಂದ ಮೇಲೆ ಮಾಡಲ್ಲ ಅಂತಾರೆ. ಸಾರಿಲ್ಲದೆ ಹಾಲೆಲ್ಲಿಂದ ಬರುತ್ತೆ ಅಂತ ಡಬ್ಬಿ ಕೊಡ್ತಿದ್ದಾರೆ. ಮಗು ಡಬ್ಬಿ ಕುಡಿದು ಮಲಗಿಬಿಡುತ್ತೆ. ನನ್ನೆದೆ ಮೆತ್ತಗಾಗಿದೆ. ಹಾಲು ಹೋಯ್ತು ಅನ್ಸತ್ತೆ."

ಎದೆಯೂ ಒಂದು ಅಂಗಡಿ. ಗಿರಾಕಿ ಬಂದಷ್ಟು ಸರಕು ತರಿಸುತ್ತದೆ. ಗಿರಾಕಿ ಡಬ್ಬಿಯ ಕಡೆ ಹೋದರೆ ಇಲ್ಲಿ ಸರಕು ಬರುವುದು ನಿಲ್ಲುತ್ತದೆ. ಸಾರಿನಲ್ಲಿ ಎಷ್ಟು ಹಾಲಿದೆಯೋ ನನಗೆ ಗೊತ್ತಿಲ್ಲ, ಆದರೆ ಆ ಮನೆಯಲ್ಲಿ ಸಾರು ನಿಂತರೆ ತಾಯಿಯ ಧೈರ್ಯ ನಿಲ್ಲುತ್ತದೆ, ಧೈರ್ಯ ನಿಂತರೆ ಮಗುವನ್ನು ಎದೆಗೆ ಹಾಕುವುದು ನಿಲ್ಲುತ್ತದೆ. ಇಷ್ಟು ಲೆಕ್ಕ ನನಗೆ ಮೊದಲೇ ತಿಳಿಯಬೇಕಿತ್ತು.

ನಮ್ಮ ಕೇಂದ್ರಕ್ಕೆ ವಾರಕ್ಕೆರಡು ದಿನ ಹುಬ್ಬಳ್ಳಿಯ ಡಾಕ್ಟರೊಬ್ಬರು ಬರುತ್ತಿದ್ದರು. ಚಹಾ ಕುಡಿಯುವಾಗ ಅವರ ಮುಂದೆ ಎಲ್ಲ ಹೇಳಿಕೊಂಡೆ.

"ಅಲ್ರೀ ಅಕ್ಕಾರ, ಬಾಣಂತಿಗಿ ಪಪ್ಪಾಯಿ ಬ್ಯಾಡ ಅಂತ ಯಾ ಪುಸ್ತಕದಾಗ ಐತ್ರಿ?"

"ಬಸುರಿಗೆ ಬೇಡ ಅಂತಾರಲ್ಲ ಡಾಕ್ಟ್ರೇ."

"ಆಕಿ ಹಡದು ಹದಿನೈದು ದಿನದ ಮ್ಯಾಲ ಆತು. ಇನ್ನ ಎಲ್ಲೀ ಬಸುರಿ? ಕಾಯಿ ಚಂದಂಗ ಬೆಂದಿತ್ತಂದ್ರ ಉಣ್ಣಲಿ ಬಿಡ್ರಿ. ಒಂದು ಮಾತು ಖರೇ ಹೇಳ್ರಿ, ಬ್ಯಾಡ ಅಂದದ್ದು ನಿಮ್ಮ ಸರ್ಟಿಫಿಕೇಟೋ, ನಿಮ್ಮವ್ವನೋ?"

ಆರಿದ ಚಹಾ ಸಿಂಕಿಗೆ ಚೆಲ್ಲಿ ಲೋಟ ತೊಳೆದಿಟ್ಟೆ.

ಹಿರಿಯ ನರ್ಸ್ ನಿಯಮ ಹೇಳಿದಳು. ಎರಡು ಸಲ ಬಾಗಿಲಿಂದ ವಾಪಸು ಬಂದರೆ 'ಸೇವೆ ಬೇಡವೆಂದರು' ಎಂದು ಬರೆದು ಫೈಲು ಮುಚ್ಚಬಹುದು. "ತಪ್ಪೇನಿಲ್ಲ, ನಿನ್ನ ಕೈಲಿ ಇನ್ನೂ ಹನ್ನೊಂದು ಮನೆ ಇವೆ," ಎಂದಳು. ಪೆನ್ನು ತೆಗೆದೆ. ಸೇವೆ ಬೇಡವೆಂದವರು ಯಾರು? ಆ ತಾಯಿ ಅಂದಿರಲಿಲ್ಲ. ಅತ್ತೆಯೂ ಅಂದಿರಲಿಲ್ಲ, ಅವಳು ನಾನು ಹೇಳಿದ್ದನ್ನು ಪಾಲಿಸಿದ್ದಳು, ಅಷ್ಟೇ. ಮಾರಿದ್ದು ಹುಳುಕು ಸರಕು, ಮಾರಿದವಳು ನಾನು. ವಾಪಸು ತೆಗೆದುಕೊಳ್ಳದೆ ಅಂಗಡಿ ಮುಚ್ಚುವುದು ನಮ್ಮಮ್ಮನ ಮಗಳಿಗೆ ಬರುವುದಿಲ್ಲ. ಪೆನ್ನು ಒಳಗಿಟ್ಟೆ.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಬೆಳೆದಿದ್ದ ಸಬ್ಬಸಿಗೆ ಸೊಪ್ಪನ್ನು ಎರಡು ಹಿಡಿ ಕಿತ್ತು ಕಟ್ಟು ಕಟ್ಟಿದೆ. ಆಗ ಕಾಲೇಜಿನಲ್ಲಿದ್ದ ನನ್ನ ಮಗಳು ಟೋಸ್ಟ್ ತಿನ್ನುತ್ತಾ ನೋಡಿದಳು.

"ಅಮ್ಮಾ, ಆರ್ ಯು ಬ್ರೈಬಿಂಗ್ ಹರ್ ವಿತ್ ವೀಡ್ಸ್?"

"ವೀಡ್ಸ್ ಅಲ್ಲ ಕಣೇ. ನೀನು ಇದನ್ನೇ ಕುಡಿದು ಬೆಳೆದಿದ್ದು."

"ಗ್ರೋಸ್," ಎಂದು ಮುಖ ಕಿವಿಚಿ ಬ್ಯಾಗ್ ಎತ್ತಿಕೊಂಡು ಹೋದಳು.

ಈ ಸಲ ತಕ್ಕಡಿ ಕಾರಿನಲ್ಲೇ ಇತ್ತು. ಗುರುತಿನ ಚೀಟಿಯನ್ನೂ ಜೇಬಿಗೆ ಹಾಕಿಕೊಂಡೆ. ಬಾಗಿಲು ಅರ್ಧ ಗೇಣು ತೆರೆದ ಕೂಡಲೇ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸೊಪ್ಪು ಮುಂದೆ ಹಿಡಿದೆ. ಅದೇ ದುಭಾಷಿಯನ್ನೇ ಕೇಳಿ ಪಡೆದಿದ್ದೆ.

"ಅವತ್ತು ನಾನು ಹೇಳಿದ್ದು ಆಸ್ಪತ್ರೆಯ ಮಾತಲ್ಲ, ನಮ್ಮಮ್ಮನ ಮಾತು. ನಮ್ಮೂರಲ್ಲಿ ಬಸುರಿಗೆ ಪರಂಗಿ ಕೊಡಲ್ಲ. ಬಾಣಂತಿಗೂ ಅದನ್ನೇ ಅಂದ್ಬಿಟ್ಟೆ. ನಿಮ್ಮ ಸಾರಲ್ಲಿ ಏನೂ ತಪ್ಪಿಲ್ಲ. ತಪ್ಪು ನಂದು."

"ಇದನ್ನ ಹೇಳೋಕೆ ನಂಗೇ ಖುಷಿ," ಎಂದಿತು ಫೋನು. ದುಭಾಷಿಗಳು ಹಾಗೆಲ್ಲ ಮಾತು ಸೇರಿಸಬಾರದು. ನಾನು ದೂರು ಕೊಡಲಿಲ್ಲ.

ಅತ್ತೆ ಸೊಪ್ಪನ್ನು ಮೂಗಿಗೆ ಹಿಡಿದಳು. "ಥೀ ಲಾ!" ಎಂದಳು. ಅವರ ಭಾಷೆಯಲ್ಲಿ ಸಬ್ಬಸಿಗೆಯ ಹೆಸರಂತೆ. ಅವಳು ವಿಯೆಟ್ನಾಮಿನ ಉತ್ತರದ ಬಂದರು ಪಟ್ಟಣದವಳು, ಅಲ್ಲಿ ಮೀನಿಗೆ ಇದನ್ನು ಹಾಕುತ್ತಾರಂತೆ. ನಮ್ಮಲ್ಲಿ ಬಾಣಂತಿಗೆ ಹಾಲು ಬರಲೆಂದು ಕೊಡುತ್ತೇವೆ ಎಂದೆ. ಅವಳು ಸೊಪ್ಪನ್ನೂ ನನ್ನನ್ನೂ ನೋಡಿ ಏನೋ ಹೇಳಿದಳು. ಫೋನಿನಲ್ಲಿ ದುಭಾಷಿ ನಕ್ಕಳು.

"'ನಿಮ್ಮಮ್ಮನೂ ನನ್ನ ಥರಾನೇ ಹಟಮಾರಿ ಮುದುಕಿ ಇರಬೇಕು' ಅಂತಿದ್ದಾರೆ."

"ಇದ್ದಳು," ಎಂದೆ. ಬಾಗಿಲು ಪೂರ್ತಿ ತೆರೆಯಿತು.

ಒಳಗೆ ಮೇಜಿನ ಮೇಲೆ ಹಾಲುಪುಡಿ ಡಬ್ಬಿ ಇತ್ತು. ಅದರ ಕೆಳಗೊಂದು ಕ್ರೋಶಾ ಹಾಕಿದ ಬಟ್ಟೆ. ದೇವರ ಪಟದ ಪಕ್ಕ ಇಡುವಂತೆ ಇಟ್ಟಿದ್ದಳು. ಸಾಮಾನ್ಯವಾಗಿ ನಾವು ಆ ಡಬ್ಬಿಯನ್ನು ಕಂಡರೆ ಮುಖ ಗಂಟಿಕ್ಕುವವರು. ನಾನು ಅದರ ಬಗ್ಗೆಯೇ ಕೇಳಿದೆ. ಅತ್ತೆ ಕೂತು ಹೇಳಿದಳು: ಅವಳ ಮಗ ಹುಟ್ಟಿದ್ದು ಊರಲ್ಲಿ ಎಲ್ಲಕ್ಕೂ ಚೀಟಿ ಹಿಡಿದು ಸಾಲು ನಿಲ್ಲುತ್ತಿದ್ದ ಕಾಲದಲ್ಲಿ. ಅವಳ ಎದೆಯಲ್ಲಿ ಹಾಲಿರಲಿಲ್ಲ, ಹೊಟ್ಟೆಗೇ ಇರಲಿಲ್ಲ. ಗಂಜಿಯ ತಿಳಿಗೆ ಸಕ್ಕರೆ ಹಾಕಿ ಕುಡಿಸಿ ಬೆಳೆಸಿದಳು. "ಪಕ್ಕದ ಮನೆಯ ಅಧಿಕಾರಿಯ ಮಗುವಿಗೆ ಮಾತ್ರ ಡಬ್ಬಿ ಬರೋದು. ಖಾಲಿ ಡಬ್ಬಿ ಕೇಳಿ ತಂದು ಉಪ್ಪು ಹಾಕಿಟ್ಟಿದ್ದೆ. ಈಗ ನನ್ನ ಮೊಮ್ಮಗಳಿಗೆ ತುಂಬಿದ ಡಬ್ಬಿ ತರೋ ಶಕ್ತಿ ನನ್ನ ಮಗನಿಗಿದೆ. ಅದನ್ನ ಬೇಡ ಅಂತೀರಾ?"

ಬೇಡ ಅನ್ನಲಿಲ್ಲ. ಅಂದಿದ್ದರೆ ಮತ್ತೆ ಮುಚ್ಚಳದ ಸದ್ದು. ನಾನು ಚೌಕಾಸಿಗೆ ಕೂತೆ. ಡಬ್ಬಿ ಮೇಜಿನ ಮೇಲೇ ಇರಲಿ, ಕ್ರೋಶಾ ಬಟ್ಟೆಯೂ ಇರಲಿ. ಪ್ರತಿ ಸಲವೂ ಮಗುವಿಗೆ ಮೊದಲು ಎರಡೂ ಎದೆ, ಆಮೇಲೂ ಅತ್ತರೆ ಮಾತ್ರ ಡಬ್ಬಿ. ಪುಡಿಯನ್ನು ಚಮಚದಲ್ಲಿ ಒತ್ತಿ ತುಂಬಬಾರದು, ಮಟ್ಟ ಮಾಡಿ ಹಾಕಬೇಕು. ಅತ್ತೆ ಪ್ರೀತಿ ಹೆಚ್ಚಾಗಿ ಗುಡ್ಡೆ ಹಾಕುತ್ತಿದ್ದಳು. ಸಾರು ಇವತ್ತಿನಿಂದಲೇ ಶುರು. ಅತ್ತೆ ಒಂದೊಂದಕ್ಕೂ ಒಪ್ಪಿ ತಲೆ ಅಲ್ಲಾಡಿಸಿ, ಕೊನೆಗೆ ಕೇಳಿದಳು: "ಎದೆಯಲ್ಲಿ ಎಷ್ಟು ಹೋಯ್ತು ಅಂತ ಗೊತ್ತಾಗೋದು ಹೇಗೆ? ಡಬ್ಬಿಯಾದರೆ ಬಾಟಲಲ್ಲಿ ಗೆರೆ ಕಾಣುತ್ತೆ."

ಒಳ್ಳೆಯ ಪ್ರಶ್ನೆ. ನಾನು ಕೊಸರು ಹಾಕಿದ್ದು ಅಲ್ಲೇ. ಒಂದು ಬಟ್ಟಲು, ಒಂದು ಹಿಡಿ ಬಿಳಿ ಅವರೆ ಬೀಜ ತರಿಸಿದೆ. ಮಗು ಒಂದು ಸಲ ಚೆನ್ನಾಗಿ ಒದ್ದೆ ಮಾಡಿದರೆ ಬಟ್ಟಲಿಗೆ ಒಂದು ಬೀಜ. ದಿನಕ್ಕೆ ಆರು ಬಿದ್ದರೆ ಮಗುವಿಗೆ ಸಾಕಷ್ಟು ಹಾಲು ಹೋಗಿದೆ ಎಂದು ಲೆಕ್ಕ. ಬೆಳಗಿನಿಂದ ಬೆಳಗಿನವರೆಗೆ ಎಷ್ಟು ಬೀಜ ಬಿತ್ತು ಎಂದು ಬರೆದಿಡುವುದು ನಿಮ್ಮ ಕೆಲಸ, ನನ್ನದಲ್ಲ, ಸೊಸೆಯದೂ ಅಲ್ಲ ಎಂದೆ. ಅವಳ ಮುಖ ಅರಳಿತು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಎದೆಹಾಲಿನ ಮೇಲ್ವಿಚಾರಣೆ ಅವಳದಾಯಿತು.

ಮೊದಲ ದಿನ ನಾಲ್ಕು ಬೀಜ, ಅದೂ ಡಬ್ಬಿಯ ಸಹಾಯದಿಂದ. ಮೂರನೆಯ ದಿನ ಐದು. ತಾಯಿ ಮಗು ಮಲಗಿದ ಮೇಲೆ ಕೈಯಿಂದ ಹಾಲು ಹಿಂಡಿ ತೆಗೆಯುವುದನ್ನೂ ಕಲಿತಳು: ಹೆಬ್ಬೆರಳು ಮೇಲೆ, ಎರಡು ಬೆರಳು ಕೆಳಗೆ, ತೊಟ್ಟಿಂದ ಎರಡು ಬೆರಳು ಹಿಂದೆ. ಎದೆಗೂಡಿನ ಕಡೆ ಒತ್ತಿ, ಆಮೇಲೆ ಹಿಂಡಬೇಕು, ಜಾರಿಸಬಾರದು. ಒಂದು ದಿನ ಹೋದಾಗ ಮಗುವಿನ ತೂಕ ಇಳಿದಿತ್ತು. ನೋಡಿದರೆ ಹಿಂದಿನ ಸಲ ಅತ್ತೆ ಚಳಿಯೆಂದು ಕಾಲುಚೀಲ, ಟೋಪಿ ತೆಗೆಯದೆ ತಕ್ಕಡಿಯಲ್ಲಿ ಮಲಗಿಸಿದ್ದಳು, ನಾನೂ ಗಮನಿಸಿರಲಿಲ್ಲ. ತೂಗುವಾಗ ಮಗುವಿನ ಮೈಮೇಲೆ ದಾರವೂ ಇರಬಾರದು. ಇದನ್ನೂ ಬರೆದಿಟ್ಟುಕೊಳ್ಳಿ. ಎರಡು ವಾರದಲ್ಲಿ ಬಟ್ಟಲಿಗೆ ಏಳು ಬೀಜ ಬಿದ್ದವು. ಡಬ್ಬಿ ದಿನಕ್ಕೆ ಒಂದೇ ಸಲಕ್ಕೆ ಇಳಿಯಿತು. ಅತ್ತೆ ಬಟ್ಟಲನ್ನು ನನ್ನ ಮೂಗಿನ ಮುಂದೆ ಗಲಗಲ ಅಲ್ಲಾಡಿಸಿದಳು.

ಆದರೆ ಎಂಟನೆಯ ವಾರ ಬರುತ್ತಿತ್ತು. ಬೆಳಿಗ್ಗೆ ಆರಕ್ಕೆ ಹೋದರೆ ಮಧ್ಯಾಹ್ನ ಎರಡೂವರೆಯವರೆಗೆ ತಾಯಿ ಶೆಡ್ಡಿನಲ್ಲಿ. ಅಷ್ಟು ಹೊತ್ತು ಹಾಲು ತೆಗೆಯದಿದ್ದರೆ ಎದೆ ಕಲ್ಲಾಗುತ್ತದೆ, ಕ್ರಮೇಣ ಬತ್ತುತ್ತದೆ. ತಾಯಿಯ ಒಪ್ಪಿಗೆ ಪಡೆದು ಅವಳ ಜೊತೆ ಶೆಡ್ಡಿಗೆ ಹೋದೆ. ಮೇಲ್ವಿಚಾರಕ ರಬ್ಬರ್ ಬೂಟು ಹಾಕಿದ್ದ ಎತ್ತರದ ಆಳು.

"ಸ್ಮೋಕೋಗೆ ಹತ್ತು ನಿಮಿಷ ಇದ್ದೇ ಇದೆಯಲ್ಲ," ಎಂದ. ಚಹಾ ವಿರಾಮಕ್ಕೆ ಇಲ್ಲಿನವರು ಹಾಗನ್ನುತ್ತಾರೆ. "ಟಾಯ್ಲೆಟ್ ಅಲ್ಲಿದೆ."

"ಎರಡು ಸಲ ಇಪ್ಪತ್ತು ನಿಮಿಷ ಬೇಕು. ಬಾಗಿಲಿಗೆ ಚಿಲಕ ಇರೋ ಕೋಣೆ ಬೇಕು."

"ಎರಡು ಸಲನಾ? ಈ ಆರ್ವೋ ಲಾರಿ ಬರುತ್ತೆ ಮೇಡಂ. ಒಬ್ಬಳಿಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ." ಆರ್ವೋ ಅಂದರೆ ಇಲ್ಲಿನವರ ಬಾಯಲ್ಲಿ ಮಧ್ಯಾಹ್ನ.

ಹಾಲೂಡಿಸುವ ತಾಯಂದಿರ ಹಕ್ಕು ಹೇಳುವ ಕಾನೂನಿನ ಕಾಗದ ಚೀಲದಲ್ಲಿತ್ತು. ತೆಗೆಯಲಿಲ್ಲ. ಕಾಗದ ತೋರಿಸಿದರೆ ಆ ದಿನ ಗೆಲ್ಲಬಹುದು, ಮುಂದಿನ ವಾರ ಅವಳಿಗೆ ಕೆಲಸದ ದಿನಗಳೇ ಕಡಿಮೆಯಾಗುತ್ತವೆ. ಬೆಲ್ಟಿನ ಮೇಲೆ ಕೊತ್ತಂಬರಿ ಕಟ್ಟುಗಳು ಸಾಗುತ್ತಿದ್ದವು. ಒಂದೊಂದೇ ಎತ್ತಿ ನೋಡಿದೆ. ಕೆಲವಕ್ಕೆ ರಬ್ಬರ್ ಬ್ಯಾಂಡ್ ಎಲೆಯ ಹತ್ತಿರ ಬಿಗಿದಿತ್ತು, ಅವು ನಾಳೆಗೆ ಕಪ್ಪಾಗುತ್ತವೆ.

"ನಾನು ಹುಟ್ಟಿದ್ದೇ ಕೊತ್ತಂಬರಿ ಗುಡ್ಡೆ ಹಿಂದೆ," ಎಂದೆ. "ಇವನ್ನ ಕಟ್ಟಿದವರಿಗೆ ಕೆಲಸ ಗೊತ್ತಿಲ್ಲ. ಈ ತಾಯಿ ಕಟ್ಟಿದ್ದು ನೋಡಿದ್ದೀರಲ್ಲ?"

ಅವನು ನಕ್ಕ. "ಅವಳು ರಜೆ ಹೋದಾಗಿನಿಂದ ಅಂಗಡಿಯವರು ವಾಪಸು ಕಳಿಸೋದು ಜಾಸ್ತಿ ಆಗಿದೆ."

"ಹಾಗಾದ್ರೆ ಯೋಚನೆ ಮಾಡಿ. ಇಂಥ ಕೈ ಇನ್ನೊಂದು ಹುಡುಕಿ ಕಲಿಸೋಕೆ ನಿಮಗೆ ಎಷ್ಟು ದಿನ ಬೇಕು? ನಾನು ಕೇಳ್ತಿರೋದು ಬರೀ ಎರಡು ಸಲ ಇಪ್ಪತ್ತು ನಿಮಿಷ. ಕೊಸರಿಗೆ, ಹೊಸಬರಿಗೆ ಕಟ್ಟೋದು ಅವಳೇ ಹೇಳಿಕೊಡ್ತಾಳೆ."

ತಾಯಿ ನನ್ನ ಕಡೆ ಕಣ್ಣರಳಿಸಿ ನೋಡಿದಳು. ಇದನ್ನು ನಾವು ಮಾತಾಡಿಕೊಂಡಿರಲಿಲ್ಲ. ಆಮೇಲೆ ಆಗಲಿ ಎಂದು ತಲೆ ಅಲ್ಲಾಡಿಸಿದಳು.

"ಫೇರ್ ಇನಫ್," ಎಂದ ಅವನು. ಲೇಬಲ್ ಮುದ್ರಿಸುವ ಯಂತ್ರವಿದ್ದ ಸಣ್ಣ ಕೋಣೆ ಸಿಕ್ಕಿತು. ಹಾಲಿನ ಬಾಟಲಿಗೆ ಸಿಬ್ಬಂದಿಯ ಫ್ರಿಜ್ಜಿನಲ್ಲಿ ಒಂದು ಮೂಲೆಯೂ ಸಿಕ್ಕಿತು.

ಎಲ್ಲವೂ ಕಥೆಯಂತೆ ಮುಗಿಯಿತು ಎಂದು ಹೇಳಲಾರೆ. ಲಾರಿ ಬೇಗ ಬಂದ ದಿನ ಎರಡನೆಯ ಇಪ್ಪತ್ತು ನಿಮಿಷ ಹಾರಿಹೋಗುತ್ತಿತ್ತು. ಮಧ್ಯಾಹ್ನದ ಒಂದು ಡಬ್ಬಿ ಕೊನೆಯವರೆಗೂ ಉಳಿಯಿತು. ನಮ್ಮ ದಾಖಲೆಯಲ್ಲಿ ಅದಕ್ಕೆ 'ಮಿಶ್ರ ಆಹಾರ' ಎಂದು ಬರೆಯಬೇಕು, ಹೊಸದರಲ್ಲಿ ಆ ಪದ ಬರೆಯುವಾಗ ಸೋತಂತೆ ಅನ್ನಿಸುತ್ತಿತ್ತು. ಆ ಫೈಲಿನಲ್ಲಿ ಬರೆದಾಗ ಅನ್ನಿಸಲಿಲ್ಲ. ಕೊನೆಯ ಭೇಟಿಯ ದಿನ ಮಗುವಿಗೆ ಹತ್ತು ತಿಂಗಳು. ಶೆಡ್ಡಿನಿಂದ ಬಂದ ತಾಯಿ ಬೂಟು ಕಳಚುವ ಮೊದಲೇ ಅದು ಅವಳ ಅಂಗಿ ಹಿಡಿದು ಎಳೆಯಿತು. ದೊಡ್ಡ ಮಗಳು ಅವಳ ಬೆನ್ನಿಗೊರಗಿ ಕೂತು "ಮೆ, ಮೆ" ಎಂದು ಶಾಲೆಯ ಸುದ್ದಿ ಹೇಳುತ್ತಿದ್ದಳು. ಅಂದರೆ ಅಮ್ಮ. ಅದಕ್ಕೆ ದುಭಾಷಿ ಬೇಕಾಗಲಿಲ್ಲ.

ಅವತ್ತು ಅತ್ತೆ ನನಗೂ ಒಂದು ಬಟ್ಟಲು ಸಾರು ಕೊಟ್ಟಳು. ಹಂದಿಯ ಕಾಲಿಲ್ಲ, ಬರೀ ಪರಂಗಿಕಾಯಿ, ಕಡಲೆಕಾಯಿ ಬೀಜ, ಮೇಲೆ ಸಬ್ಬಸಿಗೆ. ಅಷ್ಟು ತಿಂಗಳಲ್ಲಿ ನಾನು ಆ ಮನೆಯಲ್ಲಿ ಮಾಂಸ ಮುಟ್ಟದಿದ್ದುದನ್ನು ನೋಡಿಟ್ಟುಕೊಂಡು ಬೇರೆ ಪಾತ್ರೆಯಲ್ಲಿ ಮಾಡಿದ್ದಳು.

ಆ ಕುಟುಂಬ ಆಮೇಲೆ ಅಡಿಲೇಡ್‌ನ ಗಾಜಿನ ಮನೆಗಳ ತೋಟಕ್ಕೆ ಕೆಲಸಕ್ಕೆ ಹೋಯಿತು. ನಾನು ನಿವೃತ್ತಳಾದೆ. ಈಗ ಬ್ರಿಸ್ಬೇನ್‌ನ ಇಂಡೂರೂಪಿಲ್ಲಿಯಲ್ಲಿ ಮಗಳ ಮನೆಯಲ್ಲಿದ್ದೇನೆ, ಅವಳ ಬಾಣಂತನಕ್ಕೆ. ಮೊನ್ನೆ ಪಾತ್ರೆ ಹುಡುಕುವಾಗ ಕಪಾಟಿನ ಹಿಂದೆ ಟವೆಲ್ ಮುಚ್ಚಿಟ್ಟ ಹಾಲುಪುಡಿ ಡಬ್ಬಿ ಸಿಕ್ಕಿತು. ಮಗಳು ಕೆಂಪಾದಳು.

"ಐ ಥಾಟ್ ಯು'ಡ್ ಬಿ ಡಿಸಪಾಯಿಂಟೆಡ್, ಅಮ್ಮಾ."

ಟವೆಲ್ ತೆಗೆದು ಡಬ್ಬಿಯನ್ನು ಮೇಜಿನ ಮೇಲಿಟ್ಟೆ. "ಮೊದಲು ಎರಡೂ ಎದೆ. ಆಮೇಲೂ ಅತ್ತರೆ ಇದು. ಚಮಚ ಮಟ್ಟ ಮಾಡಿ ಹಾಕು," ಎಂದೆ. ಅವಳು ಅಳಲು ಶುರುಮಾಡಿದಳು. ಅಳಲಿ ಎಂದು ಬಿಟ್ಟು ಮಾರ್ಕೆಟ್ಟಿಗೆ ಹೋಗಿ ಹಸಿರು ಪರಂಗಿಕಾಯಿ, ಸಬ್ಬಸಿಗೆ ಸೊಪ್ಪು ತಂದೆ.

ಕಾಯಿ ಎಷ್ಟು ಬೇಯಬೇಕೆಂದು ನನಗೆ ಮರೆತುಹೋಗಿತ್ತು. ಅಡಿಲೇಡ್‌ಗೆ ವಿಡಿಯೋ ಕರೆ ಮಾಡಿದೆ. ಅತ್ತೆಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಪಕ್ಕದಲ್ಲಿ ಆ ಹನ್ನೆರಡು ದಿನದ ಮಗು, ಈಗ ಹಲ್ಲು ಬಿದ್ದ ಬಾಯಿ ಬಿಟ್ಟುಕೊಂಡು ಅಜ್ಜಿಯ ಮಾತನ್ನು ಇಂಗ್ಲಿಷಿಗೆ ತಿರುಗಿಸುತ್ತಿತ್ತು.

"ಬಟ್ ಅಮ್ಮಾ, ಪಪ್ಪಾಯ ಬೇಡ ಅಂತ ಅಜ್ಜಿ ಹೇಳ್ತಿದ್ರಲ್ಲ?" ಎಂದಳು ನನ್ನ ಮಗಳು ಹಿಂದಿನಿಂದ. ಅಪರೂಪಕ್ಕೆ ಕನ್ನಡದಲ್ಲಿ.

"ಅಜ್ಜಿ ಹೇಳಿದ್ದು ಬಸುರಿಗೆ ಕಣೇ," ಎಂದು ಕ್ಯಾಮೆರಾವನ್ನು ಪಾತ್ರೆಯೊಳಗೆ ಬಗ್ಗಿಸಿ ತೋರಿಸಿದೆ.

ಅತ್ತೆ ಕಣ್ಣು ಕಿರಿದು ಮಾಡಿ ನೋಡಿ ಏನೋ ಗದರಿದಳು.

"ಗ್ರ್ಯಾಂಡ್ಮಾ ಸೇಸ್ ಟೂ ಲಿಟ್ಲ್ ಥೀ ಲಾ," ಎಂದಿತು ಮಗು. "ಒನ್ ಮೋರ್ ಹ್ಯಾಂಡ್‌ಫುಲ್."

ಹಾಕಿದೆ.